ಸೋಲಾವ್ಗ ಮಾತು ಕೊಡು

(ಕುಪವಾಡ ಎಂಐಡಿಸಿಯ ಒಂದು ಚಹಾದ ಟಪರಿ. ಮೊದಲ ಶಿಫ್ಟ್ ಬಿಟ್ಟಿದೆ. ಮಾತಾಡುತ್ತಿರುವವರಲ್ಲಿ ಒಬ್ಬರು ಅಥಣಿ ಕಡೆಯವರು. ಫೌಂಡ್ರಿಯಲ್ಲಿ ಮೋಲ್ಡಿಂಗ್ ಕೆಲಸ, ಪ್ರಾಯದಲ್ಲಿ ಊರ ಮೇಳದಲ್ಲಿ ಶ್ರೀಕೃಷ್ಣ ಪಾರಿಜಾತ ಆಡಿದವರು. ಇನ್ನೊಬ್ಬ ಜತ್ತ ತಾಲೂಕಿನ ಕನ್ನಡ ಹಳ್ಳಿಯವನು, ಮಿರಜಿನಲ್ಲಿ ರೂಮು ಮಾಡಿಕೊಂಡಿರುವ ವಿಎಂಸಿ ಯಂತ್ರದ ಆಪರೇಟರ್; ರಾತ್ರಿ ಗೆಳೆಯರ ಜೊತೆ ಜಿಟಿಎ ಎಂಬ ಕಂಪ್ಯೂಟರ್ ಆಟದ ಸಣ್ಣದೊಂದು ರೋಲ್‌ಪ್ಲೇ (ಪಾತ್ರವಾಗಿ ಆಡುವ) ಸರ್ವರ್ ನಡೆಸುತ್ತಾನೆ. ಇಬ್ಬರ ಮಾತಿನಲ್ಲೂ ಮರಾಠಿ ಧಾರಾಳ. ಇಲ್ಲಿ ಆದಷ್ಟು ಕನ್ನಡವನ್ನೇ ಉಳಿಸಿಕೊಂಡಿದ್ದೇನೆ.)

— ಕಣ್ಣು ಕೆಂಪಗಾಗ್ಯಾವಲ್ಲೋ ತಮ್ಮಾ. ರಾತ್ರಿ ಮತ್ತ ಅದ ಆಟೇನು?

— ಹೌದ್ರಿ ಕಾಕಾ. ಭಾಳ ಹೊತ್ತು ಗ್ಯಾರೇಜ್ ತೆರದಿತ್ತು.

— ಯಾವ ಗ್ಯಾರೇಜು?

— ಆಟದಾಗಿಂದ್ರಿ. ನಂದು ಮೆಕ್ಯಾನಿಕ್ ಪಾತ್ರ. ಗಾಡಿ ಕೆಟ್ಟವ್ರು ಫೋನ್ ಮಾಡ್ತಾರ, ನಾನು ಟೋ ಟ್ರಕ್ ತಗೊಂಡು ಹೋಗ್ತೀನಿ.

— ಅಂದ್ರ ಹಗಲೆಲ್ಲಾ ಮಷಿನ್ ಮುಂದ ನಿಂತು, ರಾತ್ರಿ ಮತ್ತ ಪಾನಾ ಹಿಡೀತಿ. ಪಗಾರ ಕೊಡ್ತಾರೇನ ಅಲ್ಲಿ?

— ಆಟದ ರೊಕ್ಕಾ ಕೊಡ್ತಾರ್ರಿ. ಅದಕ್ಕಲ್ಲ ನಾ ಹೋಗೂದು. ಇಲ್ಲಿ ಜಾಬ್ ಹಚ್ಚತೀನಿ, ಸೈಕಲ್ ಸ್ಟಾರ್ಟ್ ಒತ್ತತೀನಿ, ಬಾಗಲಾ ತೆಗೀತೀನಿ, ಗೇಜ್ ಹಾಕಿ ನೋಡ್ತೀನಿ. ಶಿಫ್ಟ್ ಮುಗಿಯೂತನಕಾ ಮಾತಾಡ್ಸಾವ್ರ ಇಲ್ಲ. ಅಲ್ಲಿ ಗಿರಾಕಿ ಜಗಳಕ್ಕ ಬರ್ತಾನ. 'ನಿನ್ನೆ ರಿಪೇರಿ ಮಾಡಿದ್ದು ಇವತ್ತ ಮತ್ತ ಕೆಟ್ಟೈತಿ, ರೊಕ್ಕಾ ತಿರುಗಿ ಕೊಡು' ಅಂತಾನ. ನಾನೂ ಬಿಡೂದಿಲ್ಲ. 'ನೀ ಗಾಡಿ ಹೊಡೀತಿಯೋ ರೋಣಾ ಹೊಡೀತಿಯೋ' ಅಂತೀನಿ. ಖರೇ ಗ್ಯಾರೇಜಿನಾಗೂ ಇಷ್ಟು ಮಾತಾಗೂದಿಲ್ಲ.

— ಹಂಗಾರ ಚಲೋನ ನಡದೈತಿ. ಮತ್ತ ಮಾರಿ ಯಾಕ ಸಣ್ಣ ಮಾಡಿದಿ?

— ಹೊಸಾ ಹುಡುಗೂರು ಬರಾಕತ್ತಾರ್ರಿ. ಬಂದಕೂಡ್ಲೆ ಬಂದೂಕು ಹುಡುಕ್ತಾರ. ರಸ್ತೆದಾಗ ನಿಂತಾವ್ನ ಹೊಡದು, ನಕ್ಕೋಂತ ಓಡಿ ಹೋಗ್ತಾರ. ನಮ್ಮಾಗ ಇದಕ್ಕ ಆರ್‌ಡಿಎಂ ಅಂತೀವಿ, ಕಾರಣ ಇಲ್ಲದ ಕೊಲ್ಲೂದು. ಅವರ್ನ ಅಂದೂ ಉಪಯೋಗಿಲ್ಲ. ನಾವಾಡೂ ಜಿಟಿಎ 2013ರಾಗ ಬಂದ ಆಟ, ಗಾಡಿ ಕದಿಯೂದು, ಗುಂಡ ಹಾರಸೂದು ಇದರ ಮ್ಯಾಲ ನಿಂತೈತಿ. ಅದಕ್ಕ ಫೈವ್‌ಎಂ ಅಂತ ಒಂದು ಸಾಫ್ಟ್‌ವೇರ್ ಜೋಡಿಸಿ, ಮಂದಿ ತಮ್ಮ ತಮ್ಮ ಸರ್ವರ್ ಕಟ್ಟಿಕೊಂಡು, ಅದ ಊರಾಗ ಪೊಲೀಸ, ಡಾಕ್ಟರ, ವಕೀಲ, ಟ್ಯಾಕ್ಸಿಯಾಂವ ಆಗಿ ಬಾಳ್ವೆ ಮಾಡಾಕ ಹತ್ತಿದ್ರು. ಮೊದಮೊದಲ ಆಟದ ಕಂಪನಿಗೆ ಇದು ಸೇರತಿರಲಿಲ್ಲ. 2023ರಾಗ ಆ ತಂಡಾನ್ನ ತಾನ ಒಳಗ ಕರಕೊಂತು.

— ಕಳ್ಳರ ಊರಾಗ ಸಂಸಾರ ಹೂಡೀರಿ ಅನ್ನು.

— ಹಂಗ ಅನ್ರಿ. ಅದಕ್ಕ ಪುಟಗಟ್ಟಲೆ ನಿಯಮಾ ಬರದ್ವಿ. ಒಳಗ ಬರಾವ್ರಿಗೆ ಅರ್ಜಿ ಇಟ್ವಿ: ನಿಮ್ಮ ಪಾತ್ರದ ಹೆಸರೇನು, ಊರ್ಯಾವುದು, ಇಲ್ಲಿಗ್ಯಾಕ ಬಂದ್ರಿ. ಎಲ್ಲಾರೂ ಒಂದ ಕತಿ ಬರೀತಾರ: ಅವ್ವ ಅಪ್ಪನ್ನ ಯಾರೋ ಕೊಂದಾರ, ಸೇಡು ತೀರಿಸ್ಕೊಳ್ಳಾಕ ಬಂದೀನಿ. ಇಡೀ ಊರ ತುಂಬ ಪರದೇಶಿ ಮಕ್ಕಳ ಅದಾರ ಈಗ.

— ಬ್ಯಾನ್ ಗೀನ್ ಮಾಡೂದಿಲ್ಲೇನು?

— ಮಾಡ್ತೀವಿ. ಅದಕ್ಕ ಅಂಜಿ ಉಳದವ್ರು ಗಪ್ಪ ಕುಂದರತಾರ. ಗುಂಡೂ ಇಲ್ಲ, ಮಾತೂ ಇಲ್ಲ.

— ಮತ್ತೇನಾಕ್ಕೈತಿ? ಗೇಟಿನ್ಯಾಗ ಹೆಲ್ಮೆಟ್ ಹಾಕ್ರಿ ಅಂತ ಬೋರ್ಡ್ ಐತಿ. ಅದನ್ನ ಓದಿ ಹೆಲ್ಮೆಟ್ ಹಾಕ್ಕೊಂತಾರ, ಯಾರೂ ಮೋಲ್ಡಿಂಗ್ ಕಲ್ತಿಲ್ಲ.

— ದೊಡ್ಡ ಕಂಪನಿಗೂ ಇದ ಹಣಿಬಾರ್ರಿ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಅಂತ 2004ರಾಗ ಬಂದ ಆಟ. ಪಾತ್ರದಾಗ ಇದ್ದು ಆಡಾವ್ರಿಗೆ ಅಂತ ಬ್ಯಾರೆ ಸರ್ವರ್ ಇಟ್ರು. ಹೆಸರು ಆ ಲೋಕಕ್ಕ ಒಪ್ಪಬೇಕು ಅಂತ ನಿಯಮ. ಒಪ್ಪದ ಹೆಸರಿನ ಮ್ಯಾಲ ದೂರು ಕೊಡಬಹುದಿತ್ತು, ಬದಲಿ ಮಾಡಸ್ತಿದ್ರು. ಹೆಸರು ತಿದ್ದಿದ್ರು, ಬಾಯಿ ತಿದ್ದಾಕ ಆಗಲಿಲ್ಲ. ಆಟಗಾರ್ರ ತಾವ ಮಾತಾಡ್ಕೊಂಡು ಅಮೆರಿಕದಾಗ ಮೂನ್ ಗಾರ್ಡ್, ಯುರೋಪಿನಾಗ ಆರ್ಜೆಂಟ್ ಡಾನ್ ಅನ್ನೂ ಸರ್ವರಿನ್ಯಾಗ ಜಮಾ ಆದ್ರು. ಅವಕ್ಕ ಹೆಸರು ಬಂದದ್ದು ಮಂದಿಯಿಂದ.

— ಈ ಆಟ ಎಲ್ಲಾ ಎಲ್ಲಿಂದ ಸುರು ಆತು?

— ಇಂಗ್ಲೆಂಡಿನ ಎಸೆಕ್ಸ್ ಯೂನಿವರ್ಸಿಟಿಯಾಗ್ರಿ, 1978ರಾಗ. ರಾಯ್ ಟ್ರಬ್‌ಶಾ, ರಿಚರ್ಡ್ ಬಾರ್ಟಲ್ ಅಂತ ಇಬ್ಬರು ಹುಡುಗೂರು ಮಾಡಿದ್ದು. ಹೆಸರು ಮಡ್. ಚಿತ್ರ ಇಲ್ಲ, ಬರೇ ಅಕ್ಷರ. 'ನೀನು ಗುಹೆಯೊಳಗಿದ್ದೀ' ಅಂತ ಪರದೆ ಮ್ಯಾಲ ಬಂದ್ರ, 'ಉತ್ತರಕ್ಕ ಹೋಗ್ತೀನಿ' ಅಂತ ಒತ್ತೂದು. ಅದ ಬಾರ್ಟಲ್ ಮುಂದ 1996ರಾಗ ಒಂದು ಲೇಖನ ಬರದ. ಆಟಗಾರ್ರು ನಾಕ್ ಥರಾ ಅಂದ: ಗಳಿಸಾವ್ರು, ತಿರುಗಿ ನೋಡಾವ್ರು, ಹರಟಿ ಹೊಡಿಯಾವ್ರು, ಕೊಲ್ಲಾವ್ರು. ಕೊಲ್ಲಾವ್ರು ಹೆಚ್ಚಾದ್ರ ಹರಟಿಯವ್ರು ಊರ ಬಿಡ್ತಾರ ಅಂತ ಆವಾಗನ ಹೇಳ್ಯಾನ.

— ಪಾತ್ರ ಕಟ್ಟಾವ್ರ್ನ ಎಲ್ಲಿ ಇಟ್ಟ?

— ಹರಟಿಯವ್ರ ಮನ್ಯಾಗನ್ರಿ. ಮಾತಾಡಾಕ ಪಾತ್ರ ಒಂದು ನೆವಾ ಅಂತ.

— ಅದು ನನಗ ಒಪ್ಪಿಗಿ ಇಲ್ಲ. ಹರಟಿಯಾಗ ನಾನು ನಾನಾಗೇ ಇರ್ತೀನಿ. ಕೊರವಂಜಿ ಬುಟ್ಟಿ ಹೊತ್ತು ನಿಂತಾಗ ಹಂಗಿರಲಿಲ್ಲ.

— ನೀವು ಕೊರವಂಜಿ ಮಾಡ್ತಿದ್ರ್ಯಾ?

— ಕೃಷ್ಣನ ಪಾತ್ರದಾಂವ ಕೊರವಂಜಿನೂ ಆಗಬೇಕಲ್ಲೋ. ಕತಿ ಗೊತ್ತಿಲ್ಲೇನು? ನಾರದ ತಂದ ಪಾರಿಜಾತದ ಹೂವು ಕೃಷ್ಣ ರುಕ್ಮಿಣಿಗೆ ಕೊಡ್ತಾನ. ಸತ್ಯಭಾಮಾಗ ಸಿಟ್ಟು ಬರ್ತೈತಿ. ಅಕೀನ್ನ ಒಲಿಸಾಕ ಕೃಷ್ಣ ಕೊರವಂಜಿ ಆಗಿ ಕಣಿ ಹೇಳಾಕ ಬರ್ತಾನ. ಈಗ ನೋಡು. ಬಂದಾಂವ ಕೃಷ್ಣ ಅನ್ನೂದು ಕುಂತ ಮಂದಿಗೆಲ್ಲಾ ಗೊತ್ತು. ಸತ್ಯಭಾಮಾ ಮಾಡಾಂವ್ಗೂ ಗೊತ್ತು. ಸತ್ಯಭಾಮಾಗ ಗೊತ್ತಿಲ್ಲ.

— ಅದ್ರಿ! ಅದನ್ನ ಮುರಿಯೂದಕ್ಕ ನಾವು ಮೆಟಾ ಅಂತೀವಿ. ಒಬ್ಬ ತನ್ನ ಆಟ ಯೂಟ್ಯೂಬಿನಾಗ ಲೈವ್ ಬಿಟ್ಟಿರ್ತಾನ. ಇನ್ನೊಬ್ಬ ಅದನ್ನ ನೋಡಿ, ಮಾಲು ಎಲ್ಲಿ ಬಚ್ಚಿಟ್ಟಾನ ಅಂತ ತಿಳಕೊಂಡು, ಪೊಲೀಸನ ಪಾತ್ರದಾಗ ಸೀದಾ ಅಲ್ಲೇ ಹೋಗಿ ನಿಂದರತಾನ. ಆಂವಗ ಗೊತ್ತು, ಆಂವನ ಪೊಲೀಸಗ ಗೊತ್ತಿರಬಾರದು.

— ನಮ್ಮ ಸತ್ಯಭಾಮಾ 'ಕೃಷ್ಣಾ, ಬುಟ್ಟಿ ಇಳಸು, ನಿನ್ನ ಗುರುತು ಹಿಡದೀನಿ' ಯಾಕ ಅನ್ನೂದಿಲ್ಲ ಹೇಳು. ನಿಯಮ ಐತಿ ಅಂತಲ್ಲ. ಹಂಗಂದ ಗಳಿಗಿಗೆ ಆಂವನ ಪಾತ್ರಕ್ಕ ಕೆಲಸ ಇಲ್ಲದಂಗಾಕ್ಕೈತಿ. ಗೊತ್ತಿಲ್ಲದಾಕಿ ಆಗಿ ಇದ್ರ ಕೈ ಚಾಚಬಹುದು, ಕಣಿ ಕೇಳಬಹುದು, ಗಂಡನ್ನ ಬಯ್ಯಬಹುದು, ಅದೂ ಗಂಡನ ಎದರಿಗೇ. ಮಂದಿ ಹೊಟ್ಟಿ ಹಿಡಕೊಂಡು ನಗೂದು ಅಲ್ಲಿ. ಆ ಲಾಭಾ ಹುಡುಗರಿಗೆ ಒಮ್ಮೆ ರುಚಿ ಹತ್ತಬೇಕು.

— ರುಚಿ ಹತ್ತಸೂದ ಹೆಂಗ್ರಿ? ನಿಮ್ಮ ಮ್ಯಾಳದಾಗ ಎಲ್ಲಾರಿಗೂ ಕತಿ ಗೊತ್ತು, ಒಬ್ಬರಿಗೊಬ್ಬರು ಗೊತ್ತು. ನಮ್ಮಾಗ ಒಬ್ಬ ಹುಬ್ಬಳ್ಳಿಯಾಂವ, ಒಬ್ಬ ಸೊಲ್ಲಾಪುರದಾಂವ, ಒಬ್ಬನ ಊರ ಯಾರಿಗೂ ಗೊತ್ತಿಲ್ಲ. ಬರದ ಮಾತಿಲ್ಲ, ತಾಲೀಮಿಲ್ಲ.

— ಬರದ ಮಾತು ನಮಗೆಲ್ಲಿತ್ತು? ನೀ ಸಾಂಗಲಿಗೆ ಹೋಗ್ತಿ ಬರ್ತಿ, ಭಾವೆ ನಾಟ್ಯಮಂದಿರ ನೋಡಿದಿ ಹೌದಲ್ಲೋ?

— ಹೊರಗಿಂದ.

— 1842ರಾಗ ಹೊನ್ನಾವರದ ಹತ್ತಿರ ಕರ್ಕಿ ಅಂತ ಊರಿಂದ ಭಾಗವತರ ಮ್ಯಾಳ ಸಾಂಗಲಿಗೆ ಬಂದಿತ್ತು. ಕನ್ನಡ ಮ್ಯಾಳ. ರಾಜಾ ಚಿಂತಾಮಣರಾವ್ ಪಟವರ್ಧನರ ಮುಂದ ಆಟ ಆತು. ಮರಾಠ್ಯಾಗೂ ಇಂಥಾದ್ದೊಂದು ಆಗಬೇಕು ಅಂತ ರಾಜಾ ವಿಷ್ಣುದಾಸ ಭಾವೆಗೆ ಹೇಳಿದ. ಮರುವರ್ಷ 'ಸೀತಾ ಸ್ವಯಂವರ' ಆಡಿದ್ರು. ಆ ದಿನ ಅಂತ ಇವತ್ತಿಗೂ ನವೆಂಬರ್ 5ಕ್ಕ ಮರಾಠಿ ರಂಗಭೂಮಿ ದಿನಾ ಮಾಡ್ತಾರ, ಭಾವೆ ಹೆಸರಿನ ಪದಕ ಕೊಡ್ತಾರ.

— ಇಷ್ಟು ಹತ್ತರದ್ದು ಅಂತ ಗೊತ್ತಿರಲಿಲ್ರಿ.

— ಮುಂದ ಕೇಳು. ಭಾವೆ ಪದಾ ಬರದಿದ್ದ, ಮಾತು ಬರದಿರಲಿಲ್ಲ. ಸೂತ್ರಧಾರ ಪದಾ ಹಾಡಾಂವ. ಅದರ ಅರ್ಥ ಹಿಡಕೊಂಡು ಪಾತ್ರದವ್ರು ನಿಂತಲ್ಲೇ ತಮ್ಮ ಮಾತು ಹೊಂದಿಸಿ ಆಡಾವ್ರು. ಕರ್ಕಿಯವ್ರ ಯಕ್ಷಗಾನದ ಪದ್ಧತಿನ ಅದು. ಮರಾಠಿ ಗದ್ಯ ನಾಟಕ ಪುಸ್ತಕ ಆಗಿ ಬಂದದ್ದು 1861ರ ಹೊತ್ತಿಗೆ. ಅಲ್ಲೀತನಕಾ ಇಲ್ಲಿ ನಿಮ್ಮ ಸರ್ವರಿನಂಗ ನಡದಿತ್ತು.

— ಮಾತು ತಪ್ಪಿದ್ರ?

— ಸೂತ್ರಧಾರ ಅಲ್ಲೇ ನಿಂತಿರ್ತಾನಲ್ಲ, ಕಡೀತನಕಾ. ನಮ್ಮಾಗ ಭಾಗವತ. ಪಾತ್ರದಾಂವ ಗಪ್ಪಾದ್ರ ಒಂದು ಪ್ರಶ್ನೆ ಒಗೀತಾನ. 'ಏನವ್ವಾ ದೂತಿ, ಯಾರ ಮನ್ಯಾಕಿ ನೀನು?' ಆಕಿ ಉತ್ತರ ಕೊಡಲೇಬೇಕು. ಉತ್ತರದಾಗ ಕೊಂಕಿದ್ರ ಮತ್ತೊಂದು ಪ್ರಶ್ನೆ. ನಿಮ್ಮ ಅಡ್ಮಿನ್ ಏನ್ ಮಾಡ್ತಾನ?

— ಮ್ಯಾಲ ಕುಂತು ನೋಡ್ತಾನ್ರಿ. ತಪ್ಪ ಮಾಡಿದ್ರ ಒದ್ದು ಹೊರಗ ಹಾಕ್ತಾನ.

— ಅಂದ್ರ ಫೌಜದಾರ. ಭಾಗವತ ಇಲ್ಲ ನಿಮ್ಮಾಗ.

(ಇಲ್ಲಿ ಅಡ್ಮಿನ್‌ಗಳ ಪರ ಹುಡುಗ ಬಹಳ ಹೊತ್ತು ವಾದಿಸಿದ. ಸರ್ವರ್ ಬಾಡಿಗೆ ಯಾರು ಕೊಡಬೇಕು ಎಂಬಲ್ಲಿಗೆ ಮಾತು ಇಳಿಯಿತು, ಅದನ್ನು ಬಿಟ್ಟಿದ್ದೇನೆ.)

— ಒಂದು ಚಲೋದು ನಮ್ಮಾಗ ಐತ್ರಿ ಕಾಕಾ. ಕೈಲೆ ಮಾಡಿ ತೋರಸಾಕ ಆಗದ್ದನ್ನ ಬರದು ಹೇಳೂ ಪದ್ಧತಿ. ಸ್ಲ್ಯಾಷ್ ಮಿ ಅಂತ ಒತ್ತಿ 'ಕಿಸೆ ತಪಾಸ ಮಾಡ್ತಾನ' ಅಂತ ಬರೀತೀವಿ. ಆಮ್ಯಾಲ ಸ್ಲ್ಯಾಷ್ ಡು ಅಂತ ಒತ್ತಿ 'ಕಿಸೆದಾಗ ಏನರ ಸಿಗತೈತ್ಯಾ?' ಅಂತ ಕೇಳ್ತೀವಿ. ಉತ್ತರ ಕಿಸೆದಾಂವನ ಬರೀಬೇಕು, ಖರೇನ ಬರೀಬೇಕು. ಚಾಕು ಇದ್ರ 'ಚಾಕು ಸಿಗತೈತಿ'.

— ತನ್ನ ಕೈಲೆ ತನಗ ಬೇಡಿ ಹಾಕ್ಕೊಳ್ಳೂದು.

— ಹೌದ್ರಿ. ಹಳೇ ಆಟಗಾರ್ರು ಬರೀತಾರ. ಹೊಸಬ್ರು 'ಏನೂ ಇಲ್ಲ' ಅಂತ ಸುಳ್ಳು ಬರದು ಓಡ್ತಾರ.

— ಓಡ್ಲಾರದ ಏನ್ ಮಾಡ್ತಾರ? ಸಿಕ್ಕಿಬಿದ್ದಾವ್ಗ ಮುಂದ ಏನೈತಿ? ಲಾಕಪ್ಪಿನಾಗ ಒಬ್ಬನ ಕುಂತು ಗ್ವಾಡಿ ನೋಡೂದು?

— ಈಗ ಹಂಗ ಐತ್ರಿ.

— ಅಲ್ಲೇ ಗಂಟು ಇರೂದು. ಯೂಟ್ಯೂಬಿನಾಗ ನಾನು ತಾಳಮದ್ದಳಿ ಕೇಳ್ತಿರ್ತೀನಿ. ವೇಷ ಇಲ್ಲ, ಕುಣಿತ ಇಲ್ಲ, ಪಂಚೆ ಉಟ್ಟು ಕುಂತು ಪಾತ್ರ ಆಗಿ ಮಾತಾಡೂದು. ಕಾಸರಗೋಡ ಕಡೆಯ ಶೇಣಿ ಗೋಪಾಲಕೃಷ್ಣ ಭಟ್ಟರು ಅಂತ ದೊಡ್ಡ ಅರ್ಥಧಾರಿ, 2006ರಾಗ ತೀರಿಕೊಂಡ್ರು. ವಾಲಿ, ರಾವಣ ಇಂಥಾ ಪಾತ್ರಕ್ಕ ಹೆಸರಾದವ್ರು. ವಾಲಿವಧೆ ತಗೋ. ಮರದ ಮರಿಗೆ ನಿಂತು ರಾಮ ಬಾಣ ಬಿಟ್ಟ, ವಾಲಿ ಬಿದ್ದ. ನಿಮ್ಮ ಆಟದಾಗ ಅಲ್ಲಿಗೆ ಖಲಾಸ್. ತಾಳಮದ್ದಳಿಯಾಗ ಅಲ್ಲಿಂದ ಸುರು. ಬಾಣ ನಟ್ಟ ಮ್ಯಾಲ ವಾಲಿ ಕೇಳ್ತಾನ: ನಿನಗ ನಾ ಏನ್ ಮಾಡಿದ್ದೆ? ಎದರಿಗೆ ಯಾಕ ಬರಲಿಲ್ಲ? ರಾಮನ ಪಾತ್ರದಾಂವ ಬೆವರು ಒರೆಸ್ಕೋಂತ ಉತ್ತರ ಕೊಡಬೇಕು. ವಾಲಿ ಸಾಯೂದು ಎಲ್ಲಾರಿಗೂ ಗೊತ್ತು, ಅದನ್ನ ಯಾರೂ ಬದಲಿ ಮಾಡೂಹಂಗಿಲ್ಲ. ಹಂಗಂತ ಆ ಪಾತ್ರ ಬ್ಯಾಡ ಅಂದಾವ್ರಿಲ್ಲ. ಯಾಕಂದ್ರ ಸೋಲಾವ್ಗ ಅಲ್ಲಿ ಗೆದ್ದಾವ್ಗಿಂತ ಹೆಚ್ಚು ಮಾತು ಐತಿ.

— ತಡೀರಿ, ತಡೀರಿ. ಈಗ ನನಗ ತಿಳೀತು, ನಮ್ಮ ಸರ್ವರಿನಾಗ ಆಂಬುಲೆನ್ಸ್ ಯಾಕ ಅಷ್ಟ ಚಲೋ ನಡೀತೈತಿ ಅಂತ. ಮೂಲ ಆಟದಾಗ ಸತ್ರ ಪರದೆ ಮಬ್ಬಾಕ್ಕೈತಿ, ಸ್ವಲ್ಪ ಹೊತ್ತಿಗೆ ದವಾಖಾನಿ ಮುಂದ ಎದ್ದು ನಿಂದರತಿ. ರೋಲ್‌ಪ್ಲೇ ಸರ್ವರಿನಾಗ ಹಂಗಿಲ್ಲ. ಬಿದ್ದಲ್ಲೇ ಬಿದ್ದಿರ್ತಿ. ಯಾರೋ ಫೋನ್ ಮಾಡಬೇಕು, ಆಂಬುಲೆನ್ಸ್ ಬರಬೇಕು, ಡಾಕ್ಟರ್ ಪಾತ್ರದವ್ರು ಕೇಳ್ತಾರ: ಎಲ್ಲಿ ನೋವು, ಯಾರು ಹೊಡದ್ರು, ಮನ್ಯಾಗ ಯಾರಿಗೆ ತಿಳಿಸೂದು. ಗುಂಡ ಹೊಡದಾಂವ್ಗ ಅಲ್ಲೇನೂ ಕೆಲಸಿಲ್ಲ. ತಿಂದಾಂವ್ಗ ಅರ್ಧಾ ತಾಸು ಮಾತು!

— ನೋಡು ಮತ್ತ. ಲಾಕಪ್ಪಿಗೂ ಹಂಗ ಮಾಡ್ರಿ. ವಕೀಲ ಬರ್ಲಿ, ಜಡ್ಜ್ ಕುಂದರ್ಲಿ, ಕಳ್ಳ ತನ್ನ ಕತಿ ಹೇಳ್ಲಿ. ಕಿಸೆದಾಗ ಚಾಕು ಐತಿ ಅಂತ ಬರದ್ರ ತನಗೊಂದು ಕೋರ್ಟ್ ಸೀನ್ ಸಿಗತೈತಿ ಅಂತ ತಿಳದ್ರ ಯಾಂವ ಸುಳ್ಳು ಬರೀತಾನ?

— ಕೆಲವ್ರು ಆಗೂ ಬರೀತಾರ್ರಿ.

— ಬರೀಲಿ ಬಿಡು. ಊರಂದ ಮ್ಯಾಲ ಇರಾವ್ರ.

— ಕಾಕಾ, ಒಂದು ಹಳೇ ಸುದ್ದಿ ಹೇಳ್ತೀನಿ, ನೀವು ತೀರ್ಪು ಕೊಡ್ರಿ. ಅಲ್ಟಿಮಾ ಆನ್‌ಲೈನ್ ಅನ್ನೂ ಆಟ, 1997. ಇನ್ನ ಪರೀಕ್ಷಾ ನಡದಿತ್ತು. ಆಟ ಕಟ್ಟಿದ ರಿಚರ್ಡ್ ಗ್ಯಾರಿಯಟ್ ಲಾರ್ಡ್ ಬ್ರಿಟಿಷ್ ಅನ್ನೂ ರಾಜನ ಪಾತ್ರದಾಗ ಪ್ರಜೆಗಳ ಮುಂದ ಭಾಷಣಕ್ಕ ಬಂದ. ರಾಜಗ ಸಾವಿಲ್ಲದಂಗ ಆಟದಾಗ ಒಂದು ಗುರುತು ಇರ್ತಿತ್ತು, ಅವತ್ತ ಅದನ್ನ ಹಾಕೂದು ಉಳೀತು. ರೈನ್ಜ್ ಅನ್ನೂ ಹೆಸರಿನ ಆಟಗಾರ, ಕಳ್ಳನ ಪಾತ್ರ, ಯಾರದೋ ಚೀಲದಿಂದ ಬೆಂಕಿ ಮಂತ್ರದ ಸುರುಳಿ ಕದ್ದು ರಾಜನ ಮ್ಯಾಲ ಬಿಟ್ಟ. ರಾಜಾ ಸತ್ತ. ಸಿಟ್ಟಿಗೆ ಆಟ ನಡಸಾವ್ರು ಭೂತಗಳ್ನ ಕರದು ಕೂಡಿದ ಮಂದೀನ್ನೆಲ್ಲಾ ಕೊಲ್ಲಿಸಿದ್ರು. ಕಳ್ಳನ್ನ ಆಮ್ಯಾಲ ಹೊರಗ ಹಾಕಿದ್ರು. ಯಾರು ಪಾತ್ರ ಬಿಟ್ರು?

— ಕಳ್ಳ ಕದ್ದ. ರಾಜಾ ಸತ್ತ. ಇಬ್ಬರೂ ಪಾತ್ರದಾಗ ಅದಾರ. ಪಾತ್ರ ಬಿಟ್ಟಾವ ಭಾಗವತ, ಭೂತ ಕರದಾಂವ. ರಾಜನ ಹೆಣಾ ಹೊತ್ತು ಊರಾಗ ಮೆರವಣಿಗಿ ಮಾಡಿಸಿದ್ರ, ಕಳ್ಳನ್ನ ಹಿಡ್ಯಾಕ ದಂಡು ಕಳಿಸಿದ್ರ, ಆ ಊರಿಗೆ ವರ್ಷಗಟ್ಟಲೆ ಕತಿ ಸಿಗತಿತ್ತು. ಅಂಥಾ ಕಳ್ಳ ಪುಣ್ಯಾ ಮಾಡಿದ್ರ ಸಿಗಬೇಕು. ನಿಮ್ಮ ಗುಂಡ ಹೊಡಿಯೂ ಹುಡುಗರಾಗೂ ಅಂಥಾವ ಒಬ್ಬ ಇರಬಹುದು ನೋಡ್ರಿ.

— ಎಲ್ಲಾನೂ ಅಷ್ಟ ಸರಳ ಇಲ್ರಿ. ಜಾತಿ ಹಿಡದು ಬೈತಾರ. ಕೇಳಿದ್ರ 'ನಾ ಬೈದಿಲ್ಲ, ನನ್ನ ಪಾತ್ರ ಬೈತು' ಅಂತಾರ.

— ಅದನ್ನ ಹಾದಿಗೆ ಹಚ್ಚಾಕ ಹೋಗಬ್ಯಾಡ. ಒದ್ದು ಹೊರಗ ಹಾಕು.

— ಫೌಜದಾರ ಬ್ಯಾಡ ಅಂದ್ರಿ.

— ಭಾಗವತ ಇಲ್ಲ ಅಂದೆ, ಫೌಜದಾರ ಬ್ಯಾಡ ಅಂದಿಲ್ಲ. ಕಟ್ಟಿಗಿ ಕತ್ತಿಯಿಂದ ಹೊಡದ್ರ ಪಾತ್ರಕ್ಕ ಬಡೀತೈತಿ. ಜಾತಿ ಮಾತು ಕುಂತಾವ್ನ ಮೈಗೆ ಬಡೀತೈತಿ, ಅಲ್ಲಿ ವೇಷ ಅಡ್ಡ ಬರೂದಿಲ್ಲ. ನಮ್ಮಾಗೂ ಇದ್ರು ಅಂಥಾವ್ರು, ಹಗಲಿನ ಜಗಳಾ ರಾತ್ರಿ ಅಟ್ಟದ ಮ್ಯಾಲ ತೀರಿಸ್ಕೊಳ್ಳಾವ್ರು. ಮರುದಿನ ಅವರ ಗೆಜ್ಜಿ ಬ್ಯಾರೆಯವರ ಕಾಲಿಗೆ.

— ಇನ್ನೊಂದು. ಮಿರಜಿನಾಗ ನರ್ಸಿಂಗ್ ಕಲಿಯಾಕ ಬಂದ ಹುಡುಗಿ ಒಬ್ಬಾಕಿ ನಮ್ಮ ಆಂಬುಲೆನ್ಸಿನಾಗ ಇದ್ಲು. ಆಕಿ ಬಂದು ನಾಡಿ ನೋಡಿದ್ರ ಖರೇನ ಜೀವ ಉಳದಂಗ ಅನಸ್ತಿತ್ತು. ಹುಡುಗೀ ದನಿ ಕೇಳಿದಕೂಡ್ಲೆ ಒಬ್ಬಿಬ್ಬರು ಬೇಕಂತ ಬೀಳಾಕ ಹತ್ತಿದ್ರು, ಇಲ್ಲದ್ದು ಮಾತಾಡಾಕ ಹತ್ತಿದ್ರು. ಆಕಿ ಮೈಕ್ ಬಂದ್ ಮಾಡಿ ಬರದ ಉತ್ತರ ಕೊಟ್ಲು. ಈಗ ಬರೂದ ಬಿಟ್ಟಾಳ.

— ಗಂಡಸು ಸೀರಿ ಉಟ್ಟು ಸತ್ಯಭಾಮಾ ಆದ್ರ ನಮ್ಮಾಗ ಅಜ್ಜಿಯರು ಕೈ ಮುಗೀತಿದ್ರು. ಆದ್ರ ಹೆಣ್ಣಮಕ್ಕಳು ತಾವ ಅಟ್ಟ ಹತ್ತಿದಾಗ ಮಂದಿ ಮಾತಾಡಿದ್ದು ಕಡಿಮಿ ಏನಲ್ಲ. ಕೌಜಲಗಿ ನಿಂಗಮ್ಮ ಪಾರಿಜಾತದಾಗ ಅಷ್ಟ ಹೆಸರ ಮಾಡಿದ್ಲಲ್ಲ, ಅದೇನು ಪುಕ್ಕಟೆ ಬಂದದ್ದಲ್ಲ. ಆ ಹುಡುಗೀನ್ನ ತಿರುಗಿ ಕರೀರಿ. ಬರೇ ಆಂಬುಲೆನ್ಸಿಗಲ್ಲ, ಹೊಸಬರ ಸಂದರ್ಶನಾ ಆಕೀಗೆ ಕೊಡ್ರಿ. ಆಕಿ ಹ್ಞೂಂ ಅಂದವ್ರ ಒಳಗ ಬರ್ಲಿ.

— ಹುಡುಗೂರು ಗದ್ದಲಾ ಮಾಡ್ತಾರ.

— ಮಾಡ್ಲಿ. ಅರ್ಜಿಯಾಗ ಆ ಪರದೇಶಿ ಕತೀನೂ ತಗದು ಹಾಕ್ರಿ. ಹಿಂದಿನ ಕತಿ ಕೇಳಬ್ಯಾಡ್ರಿ, ಮೊದಲ ವಾರಕ್ಕ ಒಂದು ಕೆಲಸಾ ಕೊಡ್ರಿ. ಮಾತಾಡದ ಮುಗಿಯದ ಕೆಲಸಾ.

— ಅದು ಖರೆ ನೋಡ್ರಿ. ಕಂಪ್ಯೂಟರ್ ಇಲ್ಲದ ನಮ್ಮೂರ ಹುಡುಗೂರು ಮೊಬೈಲಿನಾಗ ಬಸ್ ಸಿಮ್ಯುಲೇಟರ್ ಇಂಡೋನೇಷ್ಯಾ ಆಡ್ತಾರ, 2017ರಾಗ ಬಂದದ್ದು. ಇಂಡೋನೇಷ್ಯಾದ ಬಸ್ಸಿಗೆ ನಮ್ಮ ಸಾರಿಗೆ ಬಣ್ಣಾ ಹಚ್ಚಿ, 'ಮಿರಜ್–ಅಥಣಿ' ಅಂತ ಬೋರ್ಡ್ ಹಾಕಿ, ಐದಾರು ಮಂದಿ ಸಾಲಾಗಿ ಓಡಸ್ತಾರ. ಫೋನಿನ್ಯಾಗ ಒಬ್ಬ ಕಂಡಕ್ಟರ್ ಆಗಿ 'ಹೋಲ್ಡಾನ್, ಕಾಗವಾಡ ಇಳಿಯಾವ್ರು ಮುಂದ ಬರ್ರಿ' ಅಂತ ಒದರತಾನ. ರೋಲ್‌ಪ್ಲೇ ಅನ್ನೂ ಹೆಸರು ಸೈತ ಅವ್ರು ಕೇಳಿಲ್ಲ. ಯಾರೂ ನಿಯಮಾ ಬರದಿಲ್ಲ.

— ಅವರ್ನ ಕರೀರಿ ನಿಮ್ಮ ಊರಿಗೆ. ಗುಂಡಿನ ಹುಡುಗರ್ನ ಅವರ ಬಸ್ಸಿನಾಗ ಹತ್ತಸ್ರಿ, ತಿಕೀಟ ತಗೊಳ್ಳಾಕ ಹಚ್ಚರಿ.

— ನೀವೂ ಒಂದಿನ ಬರ್ರಿ ಕಾಕಾ. ರವಿವಾರ ಸೂಟಿ ಐತಿ, ರೂಮಿಗೆ ಬರ್ರಿ. ಜಡ್ಜ್ ಪಾತ್ರ ಕೊಡ್ತೀನಿ.

— ಜಡ್ಜ್ ಬ್ಯಾಡ. ಕಳ್ಳನ ಪಾತ್ರ ಕೊಡು, ಸಿಕ್ಕಿಬೀಳೂ ಕಳ್ಳ. ಬಸ್ಸಿನಾಗ ಕಿಸೆಗೆ ಕೈ ಹಾಕ್ತೀನಿ, ನಿಮ್ಮ ಹೊಸಾ ಪೊಲೀಸ ಹುಡುಗೂರು ಹಿಡೀಲಿ. ಒಂದು ತಾಸು ಆಟಾ ಆಡಸ್ತೀನಿ ಅವರ್ನ.

— ಅದಕ್ಕೂ ಅರ್ಜಿ ತುಂಬಬೇಕಾಕ್ಕೈತ್ರಿ. ಹೆಸರು?

— ಹೆಸರು ಪೊಲೀಸರಿಗೆ ಹೇಳ್ತೀನಿ, ಅದೂ ಸುಳ್ಳ ಹೇಳ್ತೀನಿ. ಮುಂದ ಬರಕೋ: ಊರು ಕಾಗವಾಡ, ವಯಸ್ಸು ಅರವತ್ತು, ಧಂದೆ ಮಿರಜ್ ಸ್ಟ್ಯಾಂಡಿನಾಗ ಕಿಸೆ ಕತ್ತರಸೂದು, ಆದ್ರ ಈಗ ಕಣ್ಣು ಕಾಣೂದಿಲ್ಲ, ತನ್ನ ಕಿಸೇನ ತಾನ ಕತ್ತರಿಸ್ಕೊಂತಾನ. ಅವ್ವ ಅಪ್ಪ ಇಬ್ಬರೂ ಜೀವಂತ ಅದಾರ ಅಂತ ದಪ್ಪ ಅಕ್ಷರದಾಗ ಬರಿ.